ನಿನ್ನೆಯೇ ಬರೆದಿದ್ದ ಸಾಲುಗಳು

ಹೊಸ ಸರ್ವರಿಗೆ ಒಳದಾರಿ ತೆರೆಯುವ ಗುಪ್ತ ಕೀಯ ಉದ್ದನೆಯ ಅಕ್ಷರಸಾಲನ್ನು ಅವಳು ಮತ್ತೊಮ್ಮೆ ನಕಲು ಮಾಡಿ ಅಂಟಿಸಿದಳು, ಈ ಸಲ ಹಿಂದೆ ಮುಂದೆ ಖಾಲಿ ಜಾಗ ಸೇರದಂತೆ ಉಸಿರು ಬಿಗಿಹಿಡಿದು. ರೆಪೊ, ಅಂದರೆ ತಂಡದ ಕೋಡೆಲ್ಲ ಇರುವ ಉಗ್ರಾಣ, ಸಿಕ್ಕಿದೆ ಎಂದು ಸರ್ವರ್ ಕೊನೆಗೂ ಒಪ್ಪಿಕೊಂಡಿತು.

"ಆಯ್ತಾ ಅಕ್ಕಾ?" ಪಕ್ಕದ ಮೇಜಿನವಳು ಕೇಳಿದಳು. ಇಡೀ ಆಫೀಸಿಗೆ ಅವಳು ಮಾತಿನಮಲ್ಲಿ.

"ಗಂಟು ಹಾಕಿದ್ದೀನಿ ಕಣೇ. ಬಿಗಿಯಾಗಿದ್ಯಾ ಅಂತ ಎಳೆದು ನೋಡ್ಬೇಕು."

ಇಷ್ಟು ದಿನ ಎಲ್ಲರೂ ಬರೆದ ಕೋಡ್ ರೆಪೊದೊಳಗೆ ಹೋಗಿ ತೆಪ್ಪಗೆ ಕೂರುತ್ತಿತ್ತು. ಯಾರು ಯಾವಾಗ ಯಾವ ಸಾಲು ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತಿತ್ತು ನಿಜ. ಆದರೆ ಎಲ್ಲವನ್ನೂ ಜೋಡಿಸಿ ಪರೀಕ್ಷಿಸುತ್ತಿದ್ದದ್ದು ವಾರಕ್ಕೊಮ್ಮೆ. ಇನ್ನು ಹಾಗಲ್ಲ. ರೆಪೊಗೆ ಒಂದಕ್ಷರ ಸೇರಿದರೂ ಸರ್ವರಿಗೆ ಕರೆ ಹೋಗುತ್ತದೆ. ಅದು ಆಗಲೇ ಪರೀಕ್ಷಿಸಿ ಗೋಡೆಯ ಪರದೆಯ ಮೇಲೆ ಹಸಿರೋ ಕೆಂಪೋ ತೋರಿಸುತ್ತದೆ. ಕೆಂಪಾದರೆ ಕೆಡಿಸಿದವರ ಹೆಸರೂ ಜೊತೆಗೆ.

ಆ ವಾರದ ಬಿಡುವೇ ಅವಳನ್ನು ಈವರೆಗೆ ಕಾಪಾಡಿತ್ತು. ಕೆಲವು ತಿಂಗಳಿಂದ ಅವಳ ಕೆಲಸದಲ್ಲಿ ಏನೇನೋ ಜಾರುತ್ತಿತ್ತು. ಅರ್ಧ ಬರೆದು ಬಿಟ್ಟದ್ದು, ಅಳಿಸಬಾರದ್ದನ್ನು ಅಳಿಸಿದ್ದು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ಹಿಂದಿನ ದಿನ ತಾನು ಮಾಡಿದ್ದನ್ನು ಬೇರೆ ಯಾರದೋ ಎಂಬಂತೆ ಓದಿ ತಿದ್ದಿಡುತ್ತಿದ್ದಳು. ಗಂಡನಿಗೆ ಕೆಲಸ ಜಾಸ್ತಿ ಅಂದಿದ್ದಳು. ಗೋಡೆಗೆ ಕಣ್ಣು ಬರಿಸುವ ಈ ಕೆಲಸ ಅವಳ ಪಾಲಿಗೇ ಬಂದಾಗ ಒಲ್ಲೆನ್ನಲು ಒಂದು ನೆಪವೂ ಹೊಳೆಯಲಿಲ್ಲ. ಇವತ್ತು ಅದರ ಗಡಿಬಿಡಿಯಲ್ಲಿ ನಿನ್ನೆಯದನ್ನು ಓದಿ ನೋಡಲು ಪುರುಸೊತ್ತಾಗಿರಲಿಲ್ಲ.

"ಏನಾದ್ರೂ ಚಿಕ್ಕದು ಕಳಿಸಿ ನೋಡಿ ಮೇಡಂ." ತಂಡದ ಮುಖ್ಯಸ್ಥ ಪರದೆಯ ಕೆಳಗೆ ಕೈಕಟ್ಟಿ ನಿಂತಿದ್ದ.

ರಜೆಗಳನ್ನು ಬಿಟ್ಟು ಕೆಲಸದ ದಿನಗಳನ್ನು ಎಣಿಸುವ ಪುಟ್ಟ ಲೆಕ್ಕವೊಂದನ್ನು ಬೆಳಿಗ್ಗೆ ಬರೆದಿಟ್ಟಿದ್ದಳು. ಅದನ್ನೇ ಕಳಿಸಿದಳು. ಪರದೆ ಹಳದಿಯಾಗಿ ಮಿಟುಕಿತು. ಆಮೇಲೆ ಕೆಂಪಾಯಿತು. ನಡುವೆ ಅವಳ ಹೆಸರು, ಗೇಣುದ್ದದ ಅಕ್ಷರಗಳಲ್ಲಿ.

ಮಾತಿನಮಲ್ಲಿ ಚಪ್ಪಾಳೆ ತಟ್ಟಿದಳು. "ಅಬ್ಬಬ್ಬಾ, ಅಕ್ಕ ಕಿಲಾಡಿ! ಕೆಂಪು ಬರುತ್ತೋ ಇಲ್ವೋ ನೋಡೋಕೆ ಬೇಕಂತ್ಲೇ ತಪ್ಪು ಕಳಿಸಿದ್ರಲ್ಲ!"

"ಮತ್ತಿನ್ನೇನು," ಎಂದಳು. "ಹಸಿರು ಯಾರು ಬೇಕಾದ್ರೂ ತರಿಸ್ತಾರೆ."

ಎಲ್ಲರೂ ನಕ್ಕರು. "ಅನುಭವ ಅಂದ್ರೆ ಇದು ನೋಡ್ರಪ್ಪ," ಎಂದ ಮುಖ್ಯಸ್ಥ.

ಈ ಲೆಕ್ಕ ಮೊದಲೇ ಇದೆ ಎನ್ನುತ್ತಿತ್ತು ಸರ್ವರ್. ಅವಳು ರೆಪೊದ ಇತಿಹಾಸ ತೆರೆದಳು. ನಿನ್ನೆ ಮಧ್ಯಾಹ್ನ, ಅವಳದೇ ಹೆಸರಿನಲ್ಲಿ, ಅದೇ ಸಾಲುಗಳು. ನಿನ್ನೆ ಕಡತದ ಮೇಲ್ತುದಿಯಲ್ಲಿ, ಇವತ್ತು ಕೆಳತುದಿಯಲ್ಲಿ. ಒಂದು ಚುಕ್ಕೆಯೂ ಹೆಚ್ಚುಕಡಿಮೆಯಿಲ್ಲ. ನಿನ್ನೆ ಮಧ್ಯಾಹ್ನಕ್ಕಾಗಿ ತಲೆಯೊಳಗೆಲ್ಲ ತಡಕಾಡಿದಳು. ಆರಿದ ಚಹಾ ಕುಡಿದದ್ದು ಇತ್ತು, ಮಾತಿನಮಲ್ಲಿ ಹೊಸ ಚಪ್ಪಲಿ ತೋರಿಸಿದ್ದು ಇತ್ತು. ಇದು ಮಾತ್ರ ಇರಲಿಲ್ಲ.

ಅಮ್ಮನಿಗೆ ಶುರುವಾದದ್ದೂ ಹೀಗೇ. ಒಣಗಿದ ಬಟ್ಟೆಗಳನ್ನು ತಂತಿಯಿಂದ ತೆಗೆದು ಮತ್ತೆ ನೆನೆಹಾಕುತ್ತಿದ್ದಳು. ಒಗೆದಾಯ್ತಲ್ಲಮ್ಮ ಅಂದರೆ, "ಯಾರೇ ಒಗೆದದ್ದು? ನಾನಂತೂ ಅಲ್ಲ," ಎನ್ನುತ್ತಿದ್ದಳು. ಕೊನೆಕೊನೆಗೆ ಮಗಳ ಕೈ ಹಿಡಿದುಕೊಂಡು, "ನೀವು ಯಾರ ಪೈಕಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಳು.

ಎರಡನೆಯದನ್ನು ಅಳಿಸಿ ಕಳಿಸಿದಳು. ಪರದೆ ಹಸಿರಾಯಿತು.

"ಇನ್ಮೇಲೆ ನಾವೆಲ್ಲ ಸಿಕ್ಕಿಬೀಳ್ತೀವಿ, ನೀವೊಬ್ರೇ ಪಾರು ನೋಡಿ ಅಕ್ಕಾ," ಎಂದಳು ಮಾತಿನಮಲ್ಲಿ.

"ಹೂಂ ಕಣೇ."

ಇವತ್ತಿನ ನಗು ಇವತ್ತಿಗೇ ಮುಗಿಯಿತು. ಮುಂದಿನ ಕೆಂಪಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತಿಂಗಳ ಕೊನೆಗೆ ಕೆಲಸ ಬಿಡುವುದು. ಕೇಳಿದವರಿಗೆ ಮೊಣಕಾಲು ನೋವು ಅನ್ನುವುದು, ಗಂಡನಿಗೂ ಅದನ್ನೇ. ನಾಳೆ ಇದು ನೆನಪಿರುತ್ತದೋ ಇಲ್ಲವೋ ಎಂದು ಬರೆದಿಟ್ಟುಕೊಳ್ಳಲು ಪೆನ್ನು ತೆಗೆದವಳು, ಯಾರಾದರೂ ನೋಡಿಯಾರೆಂದು ಕೆಳಗಿಟ್ಟಳು.

ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು. ಏಳುವಾಗ, ಎಲ್ಲರಿಗೂ ಕೇಳುವಷ್ಟು ಜೋರಾಗಿ, "ಅಯ್ಯಮ್ಮಾ" ಅಂದಳು.