ಕೆಸರಿಗೆ ಕಾಲಂ ಇಲ್ಲ

ಅತ್ತಿಗೆ ಹಿನ್ನೀರಿನ ಕೆಸರಲ್ಲಿ ಸೊಂಟದವರೆಗೆ ಹೂತುಹೋಗಿದ್ದಳು. ಹೆಂಗಸರೆಲ್ಲ ಸೇರಿ ಎಳೆದು ಹಾಕುವಷ್ಟರಲ್ಲಿ ಅವಳಿಗೆ ಮಾತೇ ನಿಂತುಹೋಗಿತ್ತು. ಇಪ್ಪತ್ತು ವರ್ಷ ಚಿಪ್ಪು ಹೆಕ್ಕಿದ ಜಾಗ ಅದು. ಕಾಲಿಟ್ಟರೆ ಗಟ್ಟಿ ಮರಳು ಸಿಗುತ್ತಿತ್ತು. ಈಗ ಬರೀ ಕಪ್ಪು ಲೋಳೆ. ಕಲಕಿದರೆ ಕೊಳೆತ ಮೊಟ್ಟೆಯ ನಾತ ಎದ್ದು ತಲೆ ಸುತ್ತುತ್ತದೆ.

ಮೀನಿನ ಕಾರ್ಖಾನೆ ತನ್ನ ಕೊಳಚೆಯನ್ನು ಹಿನ್ನೀರಿಗೆ ಬಿಡಲು ಶುರುಮಾಡಿ ಮೂರು ವರ್ಷ. ಮೊದಲು ನೀರು ಪಾಚಿಗಟ್ಟಿ ಹಸಿರಾಯಿತು. ಆ ಪಾಚಿ ಸತ್ತು, ತಳ ಸೇರಿ ಕೊಳೆಯಿತು. ಉಸಿರಿಲ್ಲದೆ ಚಿಪ್ಪುಗಳು ಬಾಯಿ ಬಿಟ್ಟುಕೊಂಡು ಸತ್ತವು.

ಅತ್ತಿಗೆ ಹೂತುಹೋದ ದಿನವೇ ಹೆಂಗಸರು ಮಾಲಿನ್ಯ ಮಂಡಳಿಗೆ ದೂರು ಕೊಟ್ಟರು. ಬರೆದವಳು ಅವಳ ನಾದಿನಿ. ಎಲ್ಲದಕ್ಕೂ ಹೆದರುತ್ತಾಳೆಂದು ಊರೇ ಅವಳನ್ನು ಪುಕ್ಕಲಿ ಎನ್ನುತ್ತಿತ್ತು.

ವಾರದ ಮೇಲೆ ಮಂಡಳಿಯ ಇನ್ಸ್‌ಪೆಕ್ಟರ್ ಬಂದ. ಬಂದದ್ದು ಉಬ್ಬರದಲ್ಲಿ, ಕೆಸರೆಲ್ಲ ಮುಳುಗಿದ್ದಾಗ, ಕಾರ್ಖಾನೆಯ ದೋಣಿಯಲ್ಲಿ. ಜೊತೆಗಿದ್ದ ಸೂಪರ್‌ವೈಸರ್ ದಡದಲ್ಲಿದ್ದ ಪುಕ್ಕಲಿಯ ಕಡೆ ದೋಣಿಯ ಹಗ್ಗ ಎಸೆದ. "ಹಿಡ್ಕೋ."

ಇನ್ಸ್‌ಪೆಕ್ಟರ್ ಕೂತಲ್ಲೇ ಬಗ್ಗಿ ಬಾಟಲಿಗೆ ನೀರು ತುಂಬಿದ. "ತಿಳಿಯಾಗೇ ಇದೆಯಲ್ಲ. ಇಲ್ಲಿ ಸಾಕ್ಷಿ ಸಹಿ ಹಾಕಮ್ಮ."

"ಸಾರ್, ತಳದ ಕೆಸರು ತಗೊಳ್ಳಿ."

"ಫಾರಂನಲ್ಲಿ ಕೆಸರಿಗೆ ಕಾಲಂ ಇಲ್ಲ."

ಸೂಪರ್‌ವೈಸರ್ ನಕ್ಕ. "ನಿನ್ನ ಗಂಡ ನಮ್ಮಲ್ಲೇ ಅಲ್ವಾ ಐಸ್ ಒಡೆಯೋದು? ನಾಳೆಯಿಂದ ಬರೋದು ಬೇಡ ಅನ್ಲಾ?"

ಪುಕ್ಕಲಿ ಸಹಿಗೆ ಬಗ್ಗಿದಳು. ಪೆನ್ನು ಕೈಗೆ ಬಂದಿತ್ತು.

ಹಿಂದಿನಿಂದ ಅತ್ತಿಗೆ ಕೆಮ್ಮುತ್ತ ಕೇಳಿದಳು, "ಅವತ್ತು ನಾನು ಪೂರ್ತಿ ಒಳಗೆ ಹೋಗಿದ್ರೆ ಯಾವ ಕಾಲಂನಲ್ಲಿ ಬರೀತಿದ್ರಿ ಸಾರ್?"

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡ. ಪುಕ್ಕಲಿ ಪೆನ್ನು ವಾಪಸು ಕೊಟ್ಟಳು.

"ಸರಿ, ಹಗ್ಗ ಬಿಡು," ಎಂದ ಸೂಪರ್‌ವೈಸರ್.

"ಇಲ್ಲ."

"ಏನು?"

"ಬಿಡಲ್ಲ. ನೀರು ಇಳೀಲಿ. ಆಮೇಲೆ ನೀವೂ ಇಳಿದು ನಡ್ಕೊಂಡು ಬನ್ನಿ."

ಅವಳು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು. ಗಂಡನ ಮುಖ ಕಣ್ಣ ಮುಂದೆ ಬಂತು. ಬಿಟ್ಟುಬಿಡಲೇ ಎನಿಸಿತು. ಅಷ್ಟರಲ್ಲಿ ಅತ್ತಿಗೆ ಹಗ್ಗಕ್ಕೆ ಕೈ ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತ ಹನ್ನೊಂದು ಜನ. ಸೂಪರ್‌ವೈಸರ್ ಹುಟ್ಟು ಹಾಕಿ ಹಾಕಿ ಹಗ್ಗದುದ್ದ ದೂರ ಹೋದ, ಬಿಗಿದ ಗಂಟು ಬಿಚ್ಚಲಾಗದೆ ಸುಸ್ತಾದ. ಬೈದ. ಯಾರೂ ಹಗ್ಗ ಬಿಡಲಿಲ್ಲ. ಎಲ್ಲರಿಗೂ ಒಳಗೊಳಗೇ ಭಯ.

ನೀರು ಇಳಿಯುತ್ತ ಹೋಯಿತು. ದೋಣಿಯ ತಳ ಲೋಳೆಗೆ ಕಚ್ಚಿಕೊಂಡಿತು. ಸುತ್ತಲೂ ಗುಳ್ಳೆಗಳೆದ್ದು ಒಡೆದವು. ಇನ್ಸ್‌ಪೆಕ್ಟರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ತನ್ನ ಬೂಟು ನೋಡಿದ, ದಡ ನೋಡಿದ. ನಡುವೆ ಇಪ್ಪತ್ತು ಹೆಜ್ಜೆ ಕೆಸರು.

"ಎಷ್ಟು ಆಳ ಇದೆಯಮ್ಮ ಇದು?" ಅವನ ದನಿ ಇಳಿದಿತ್ತು.

"ಗೊತ್ತಿಲ್ಲ ಸಾರ್," ಎಂದಳು ಪುಕ್ಕಲಿ. "ಇದುವರೆಗೂ ಯಾರೂ ಅಳೆದಿಲ್ಲ."