ಆದಿನಾರಾಯಣರ ಬೆಳಗಿನ ಸುದ್ದಿ

ಆದಿನಾರಾಯಣರು ಮಾತು ಮುಗಿಸಿದೊಡನೆ ಬಲಗೈಯ ಕಿರುಬೆರಳಿನಿಂದ ಮೇಜನ್ನೋ ಗೋಡೆಯನ್ನೋ, ಏನೂ ಸಿಗದಿದ್ದರೆ ತಮ್ಮದೇ ತೊಡೆಯನ್ನೋ ಒಮ್ಮೆ ತಟ್ಟುತ್ತಾರೆ. ಎಂಟರ್ ಕೀ ಒತ್ತದೆ ಯಾವ ವಾಕ್ಯವೂ ಪೂರ್ಣವಾಗದೆಂಬುದು ಬಂಗಾರಪೇಟೆಯ ಕಚೇರಿಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಸವೆಸಿದ ಆಯುಷ್ಯ ಅವರಿಗೆ ಕಲಿಸಿದ ವ್ಯಾಕರಣ.

ನಿವೃತ್ತಿಯ ನಂತರವೂ ಅವರು ಮೌಸ್ ಮುಟ್ಟಲಿಲ್ಲ. ಊರಿಗಾಂನಲ್ಲಿ, ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಯೊಂದರಲ್ಲಿ, ಬೇಸಿಗೆಯಲ್ಲೂ ಬಿಚ್ಚದ ಬೂದು ಸ್ವೆಟರ್ ತೊಟ್ಟು, ಕಪ್ಪು ಪರದೆಯ ಮುಂದೆ ಕೂತು ಒಂದು ಸಾಲಿನ ಆಜ್ಞೆ ಟೈಪಿಸಿದರೆ ಸಾಕು, ಕನ್ನಡ, ತೆಲುಗು, ತಮಿಳು ಪತ್ರಿಕೆಗಳ ಜಾಲತಾಣಗಳಿಂದ ಸುದ್ದಿಯ ಫೀಡುಗಳೆಲ್ಲ, ಅಂದರೆ ಆಯಾ ದಿನದ ಸುದ್ದಿಪಟ್ಟಿಗಳೆಲ್ಲ, ಚಿತ್ರ, ಜಾಹೀರಾತುಗಳ ಸೋಗು ಕಳಚಿ ಬರಿಯ ಅಕ್ಷರಗಳಾಗಿ ಇಳಿದುಬರುತ್ತಿದ್ದವು. ತಮ್ಮ ಊರಿನ ಹೆಸರಿದ್ದ ಸುದ್ದಿ ಮೊದಲು ಕಾಣುವಂತೆ ಇನ್ನೊಂದು ಆಜ್ಞೆಯನ್ನೂ ಹೆಣೆದಿದ್ದರು. ಕೇಳುಗರು ಒಬ್ಬರೇ: ಕಣ್ಣು ಮಂಜಾಗಿದ್ದ ಅಕ್ಕ ಮಂಗಮ್ಮ. ಮದುವೆಯಾಗದ ತಮ್ಮ, ಗಂಡನಿಲ್ಲದ ಅಕ್ಕ. ಕಾಫಿಯ ಹೊತ್ತಿಗೆ ಲೋಕವೆಲ್ಲ ಆ ಮನೆಗೆ ಬಂದು ಹೋಗುತ್ತಿತ್ತು.

"ಮಂತ್ರಿಗಳ್ದು ಸಾಕು ಕಣ್ಲಾ, ನಮ್ಮೂರ್ದು ಓದು," ಎನ್ನುತ್ತಿದ್ದಳು ಅಕ್ಕ. ಊರಿನ ಹೆಸರು ಬರುತ್ತಿದ್ದುದೇ ಅಪರೂಪ.

ಕಳೆದ ಮಾಗಿಯಲ್ಲಿ ಅವಳು ತೀರಿಕೊಂಡಳು. ಆದಿನಾರಾಯಣರು ಅಳಲಿಲ್ಲ, ಬಂದವರಿಗೆ ಕುರ್ಚಿ ಹಾಕಿದರು, ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟರು. ಕರ್ಮಗಳೆಲ್ಲ ಮುಗಿದ ಮರುದಿನ ಎಂದಿನಂತೆ ಸುದ್ದಿ ಇಳಿಸಿ, ಖಾಲಿ ಮಂಚದ ಕಡೆ ತಿರುಗಿ ಗಟ್ಟಿಯಾಗಿ ಓದತೊಡಗಿದರು. ಅಷ್ಟೆಲ್ಲ ಸುದ್ದಿಯ ನಡುವೆ ಅವಳ ಸಾವು ಎಲ್ಲೂ ಇಲ್ಲದ್ದು ಅವರಿಗೆ ಸಹಿಸಲಾರದ ಅನ್ಯಾಯವಾಗಿ ತೋರಿತು. ಆ ಸಂಜೆ ತಾವೇ ಒಂದು ಫೀಡು ಮಾಡಿ, "ಊರಿಗಾಂ: ಮಂಗಮ್ಮ ತೀರಿಕೊಂಡರು. ಅವರಿಗೆ ಊರಿನ ಸುದ್ದಿ ಇಷ್ಟವಾಗಿತ್ತು" ಎಂದು ಬರೆದು ಉಳಿದವುಗಳ ಜೊತೆ ಸೇರಿಸಿದರು. ಬೆಳಿಗ್ಗೆ ಅದು ಎಲ್ಲಕ್ಕಿಂತ ಮೇಲೆ ಬಂತು. ತಾವೇ ಬರೆದದ್ದು, ಆದರೂ ಬೇರೆ ಯಾರೋ ಹೇಳಿದಂತೆ, ಆಗಷ್ಟೇ ತಿಳಿದಂತೆ, ಓದುತ್ತ ಓದುತ್ತ ದನಿ ಒಡೆದು ಅತ್ತರು.

ಹಾಲು ತಂದಿದ್ದ ಪಕ್ಕದ ಮನೆಯ ಕದಿರಮ್ಮ ಬಾಗಿಲಲ್ಲೇ ನಿಂತಳು. ಹಾಲಿನ ಚೊಂಬನ್ನು ಹೊಸ್ತಿಲ ಮೇಲಿಟ್ಟು, "ಇನ್ನೊಂದ್ ಕಿತ ಓದಣ್ಣ, ನಾನೂ ಕೇಳ್ತೀನಿ," ಎಂದಳು. ಅವರು ಓದಿದರು.

ದಿನವೂ ಕೇಳಲು ಅವಳಿಗೆ ಪುರುಸೊತ್ತಿಲ್ಲ, ಹಸುಗಳಿವೆ. ಅವರು ಮಾತ್ರ ಬೇತಮಂಗಲದ ಕೆರೆಯಿಂದ ನಲ್ಲಿಗೆ ನೀರು ಬಾರದ್ದನ್ನೂ ಕದಿರಮ್ಮನ ಹಸು ಕರು ಹಾಕಿದ್ದನ್ನೂ ತಮ್ಮ ಫೀಡಿನಲ್ಲಿ ಬರೆದಿಡುತ್ತಾರೆ, ಮರುಬೆಳಿಗ್ಗೆ ಇಳಿಸಿಕೊಂಡು ಓದುತ್ತಾರೆ.

ಒಂಟಿ ಜನ ಲೋಕಕ್ಕೆ ಬೆನ್ನು ಹಾಕಿದವರೆಂದು ನಾವು ಸಲೀಸಾಗಿ ಅಂದುಕೊಳ್ಳುತ್ತೇವೆ. ಇಂಥವರು ಲೋಕಕ್ಕೆ ಕಿವಿಗೊಟ್ಟೇ ಬದುಕುತ್ತಾರೆ. 'ಆಮೇಲೇನಾಯ್ತು' ಎಂದು ಯಾರಾದರೂ ಕೇಳಿಯಾರೆಂದು ಕೊನೆಯವರೆಗೂ ಗಟ್ಟಿಯಾಗಿಯೇ ಓದುತ್ತಾರೆ.