ಮೂರನೇ ಕೊರಕಲಿನವರೆಗೆ

ಬೌಕ್ಯೆಗೆ ಎಪ್ಪತ್ತು ತುಂಬಿದ ದಿನ ನಡುಕೋಣೆಯಲ್ಲಿ ಎಂದಿನಂತೆ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಪ್ರತಿಯೊಬ್ಬರ ಮಡಿಲಲ್ಲೂ ಒಂದು ತಟ್ಟೆ, ತಟ್ಟೆಯಲ್ಲಿ ಒಂದೇ ಒಂದು ತುಂಡು ಕೇಕು. ಏನು ಉಡುಗೊರೆ ಬೇಕಮ್ಮ ಎಂದು ಮಗ ಸೀಬ್ರೆನ್ ಕೇಳಿದ. ಅವನು ಆಗಲೇ ಒಂದು ಒರಗುಕುರ್ಚಿ ನೋಡಿಟ್ಟಿದ್ದ. ಗುಂಡಿ ಒತ್ತಿದರೆ ಕೂತವರನ್ನು ತಾನೇ ಮೇಲೆತ್ತಿ ನಿಲ್ಲಿಸುವಂಥದ್ದು.

"ಕುರ್ಚಿ ಗಿರ್ಚಿ ಏನೂ ಬೇಡ," ಎಂದಳು ಬೌಕ್ಯೆ. "ನಂಗೆ ಒಂದ್ಸಲ ದ್ವೀಪಕ್ಕೆ ನಡ್ಕೊಂಡು ಹೋಗ್ಬೇಕು. ರೆನ್ಸ್ಕೆ ಮುಂದೆ, ನಾನು ಹಿಂದೆ. ಎಲ್ಲರ ಹಾಗೆ, ಸಾಲಲ್ಲಿ."

ಮಗಳು ರೆನ್ಸ್ಕೆ ಬಾಯಿಗೆ ಒಯ್ಯುತ್ತಿದ್ದ ಕೇಕನ್ನು ತಟ್ಟೆಗೇ ಹಾಕಿದಳು.

ಇಳಿತದ ಹೊತ್ತಿನಲ್ಲಿ ಸಮುದ್ರ ಹಿಂದೆ ಸರಿದು, ಕಡಲಿಗೆ ಅಡ್ಡ ಕಟ್ಟಿದ ಏರಿಯಿಂದ ದ್ವೀಪದವರೆಗೂ ಕೆಸರು ಮತ್ತು ಮರಳಿನ ಬಯಲು ಬಿಟ್ಟುಕೊಡುತ್ತದೆ. ಆ ಬಯಲಿನಲ್ಲಿ ಜನರನ್ನು ದ್ವೀಪಕ್ಕೆ ದಾಟಿಸುವ ಗೈಡಾಗಿ ಬೌಕ್ಯೆ ಮೂವತ್ತು ವರ್ಷ ನಡೆದಿದ್ದಳು. ಶಾಲೆಯ ಮಕ್ಕಳು, ಬ್ಯಾಂಕಿನವರು, ಪಾದ್ರಿಗಳು, ಮದುವೆಯ ಹಿಂದಿನ ದಿನದ ಮದುಮಗಳು, ಎಲ್ಲರೂ ಅವಳ ಬೆನ್ನು ನೋಡಿಕೊಂಡು ಮೊಣಕಾಲುದ್ದ ಕೆಸರು ತುಳಿದವರೇ. ಈಗ ಅವಳಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದನ್ನು ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕಾಲು ಮಾತ್ರ ಮೋಸ ಮಾಡುತ್ತಿತ್ತು. ನಡೆಯುತ್ತ ನಡೆಯುತ್ತ ಬಾಗಿಲ ಬಳಿ ಬಂದರೆ ಪಾದ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿ ಅಡುಗೆಮನೆಯ ನೆಲಕ್ಕೆ ಅಡ್ಡಡ್ಡ ಹಳದಿ ಟೇಪು ಅಂಟಿಸಿ ಹೋಗಿದ್ದಳು. ಗೆರೆ ಕಂಡರೆ ಕಾಲಿಗೆ ಅದನ್ನು ದಾಟಬೇಕೆಂಬ ನೆನಪು ಬರುತ್ತಿತ್ತು. ಮುಂದಿನ ವರ್ಷದ ಹೊತ್ತಿಗೆ ಗೆರೆಯೂ ಸಾಕಾಗಲಿಕ್ಕಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ರೆನ್ಸ್ಕೆ ಆ ವಸಂತದಲ್ಲಷ್ಟೇ ಪರೀಕ್ಷೆ ಪಾಸು ಮಾಡಿ ಗೈಡಾಗಿದ್ದಳು. ಅಮ್ಮನ ಮಗಳು ಅನ್ನುವ ಹೆಸರು ಮೊದಲ ದಿನದಿಂದಲೇ ಅವಳ ಬೆನ್ನು ಹತ್ತಿತ್ತು. ಬೇರೆ ಗೈಡುಗಳು ಅವಳನ್ನು ಕಂಡರೆ ಮೊದಲು ಅಮ್ಮನ ಆರೋಗ್ಯ ಕೇಳುತ್ತಿದ್ದರು, ಆಮೇಲೆ ಗಾಳಿಯ ಮಾತು. ಆ ಅಮ್ಮನನ್ನೇ ದಾಟಿಸಬೇಕು ಅಂದರೆ? ಬೇಡ ಎನ್ನಲು ನೂರು ಕಾರಣಗಳಿದ್ದವು. ಒಂದನ್ನೂ ಬಾಯಿಬಿಟ್ಟು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

ಹೀಗೆ ಸೆಪ್ಟೆಂಬರಿನ ಒಂದು ಶುಕ್ರವಾರ ಅಪ್ಪ, ಅಮ್ಮ, ಮಕ್ಕಳಿಬ್ಬರು, ನಾಲ್ವರೂ ಏರಿಯ ಕೆಳಗಿನ ಊರಿಗೆ ಬಂದು ಒಂದು ಬಾಡಿಗೆ ಮನೆಯಲ್ಲಿ ಇಳಿದರು. ಶನಿವಾರ ನಡೆದು ದಾಟುವುದು, ರಾತ್ರಿ ದ್ವೀಪದಲ್ಲಿ ತಂಗುವುದು, ಭಾನುವಾರ ಹಡಗಿನಲ್ಲಿ ವಾಪಸು. ಅದಾದ ಮೇಲೆ ಆ ವರ್ಷದ ನಡಿಗೆಯ ಕಾಲವೇ ಮುಗಿಯುತ್ತಿತ್ತು.

ಅಪ್ಪ ಹೆರ್ರೆ ನಡೆಯುವವರ ಪೈಕಿಯಲ್ಲ. ಹೆಂಡತಿ ಮೂವತ್ತು ವರ್ಷ ಕೆಸರಲ್ಲೇ ಕಳೆದರೂ ಈ ಪುಣ್ಯಾತ್ಮ ಒಂದು ಬೆರಳೂ ಅದರಲ್ಲಿ ಅದ್ದಿದವನಲ್ಲ. ಹಡಗಿನಲ್ಲಿ ಮುಂಚೆಯೇ ಹೋಗಿ, ಆಚೆ ದಡದಲ್ಲಿ ಒಣ ಕಾಲುಚೀಲ, ಬಿಸಿ ಕಾಫಿ, ದುರ್ಬೀನು ಇಟ್ಟುಕೊಂಡು ಕಾಯುವುದು ಅವನ ಕೆಲಸ. ಅದನ್ನು ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

"ಕೆಸರು ಆಕೇದು, ಕಾಫಿ ನಂದು," ಎಂದ ಶನಿವಾರ ಬೆಳಿಗ್ಗೆ ಚೀಲಗಳನ್ನು ಕಾರಿಗೆ ಹಾಕುತ್ತ. "ಮದ್ವೆ ದಿನಾನೇ ಹಂಚ್ಕೊಂಡಿದ್ವಿ."

ಸೀಬ್ರೆನ್ ಎಲ್ಲಿಂದಲೋ ಒಂದು ಕೆಸರಬಂಡಿ ಎರವಲು ತಂದಿದ್ದ. ಹಿಂದಿನವರು ಕೆಸರಿನ ಮೇಲೆ ಮೀನು ಸಾಗಿಸುತ್ತಿದ್ದ ಮರದ ಜಾರುಹಲಗೆ ಅದು. ಅಮ್ಮ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಇದ್ಯಾರಿಗೆ?"

"ನನ್ ಬಿಯರ್ ಇಡೋಕಮ್ಮ."

"ಬಿಯರ್ ಮಾತ್ರ ಇಡು. ಬೇರೆ ಏನಾದ್ರೂ ಇಡೋಕೆ ಬಂದ್ರೆ ನಿನ್ನನ್ನೇ ಕೆಸರಲ್ಲಿ ಹೂತುಬಿಡ್ತೀನಿ."

ಏರಿ ಇಳಿದ ಕೂಡಲೇ ಕೆಸರು. ಇಲ್ಲಿ ನಿಂತರೆ ಕೆಟ್ಟಿತು, ಸರಸರ ಕಾಲು ಕಿತ್ತು ಹೋಗುತ್ತಲೇ ಇರಬೇಕು. ಬೌಕ್ಯೆ ಎರಡೂ ಕೈಯಲ್ಲಿ ಕೋಲು ಹಿಡಿದು, ಹಲ್ಲು ಕಚ್ಚಿ, ಉಸ್ಸು ಬುಸ್ಸು ಎನ್ನುತ್ತ ಸಾಗಿದಳು. ಎರಡು ಸಲ ಮೊಣಕಾಲ ಮೇಲೆ ಬಿದ್ದಳು. ಎರಡು ಸಲವೂ ಸೀಬ್ರೆನ್ ಕೈ ಚಾಚಿದ, ಎರಡು ಸಲವೂ ಬೈಸಿಕೊಂಡ. ರೆನ್ಸ್ಕೆ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು.

"ಏನ್ ನೋಡ್ತೀಯ? ಗೈಡು ಮುಂದೆ ನೋಡ್ಬೇಕು. ಬಿದ್ರೆ ಕೂಗ್ತೀನಿ."

ಕೆಸರು ಮುಗಿದು ಗಟ್ಟಿ ಮರಳು ಬಂತು. ಇಳಿತದಲ್ಲೂ ನೀರು ಹರಿಯುವ ಕೊರಕಲುಗಳು ದಾರಿಗೆ ಅಡ್ಡವಾಗಿ ಮೂರಿದ್ದವು. ಮೊದಲನೆಯದರಲ್ಲಿ ಕಣಕಾಲುದ್ದ ನೀರು, ಎರಡನೆಯದರಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಅದರಾಚೆ ಕಣ್ಣು ಹಾಯುವಷ್ಟು ದೂರ ಮರಳಿನ ಮೈಮೇಲೆ ಅಲೆಗಳು ಎಳೆದುಬಿಟ್ಟ ಗೆರೆಗಳಿದ್ದವು, ಅಡ್ಡಡ್ಡಕ್ಕೆ, ಒಂದರ ಪಕ್ಕ ಒಂದು. ರೆನ್ಸ್ಕೆಗೆ ಬೆನ್ನ ಹಿಂದೆ ಒಂದು ಸದ್ದು ಕೇಳಿಸತೊಡಗಿತು. ಚಪ್, ಚಪ್, ಚಪ್. ತಡವರಿಕೆಯೇ ಇಲ್ಲದ ಹೆಜ್ಜೆ. ಅಣ್ಣನದಿರಬೇಕು ಎಂದುಕೊಂಡಳು. ಅಣ್ಣ ಬಂಡಿ ಎಳೆಯುತ್ತ ಬಹಳ ಹಿಂದೆ ಉಳಿದಿದ್ದ. ಅದು ಅಮ್ಮ! ಅಡುಗೆಮನೆಯಿಂದ ನಡುಕೋಣೆಗೆ ಬರಲು ಒದ್ದಾಡುವ ಅಮ್ಮ ಗೆರೆಯಿಂದ ಗೆರೆಗೆ ಕಾಲು ಹಾಕುತ್ತ, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸಂತೆಗೆ ಹೊರಟವಳ ಹಾಗೆ ಬರುತ್ತಿದ್ದಳು.

"ಅಮ್ಮಾ!"

"ಮನೇಲಿ ಆ ಹುಡ್ಗಿ ಟೇಪ್ ಅಂಟಿಸ್ದಾಗ್ಲೇ ಹೊಳೀತು ನಂಗೆ," ಎಂದಳು ಬೌಕ್ಯೆ. ಅವಳ ಮುಖ ಕೆಂಪಾಗಿತ್ತು. "ಇದನ್ನ ಎಲ್ಲೋ ನೋಡಿದ್ದೀನಲ್ಲ ಅಂತ. ಇಲ್ಲಿ ಸಮುದ್ರ ದಿನಕ್ಕೆರಡು ಸಲ ಅಂಟಿಸಿ ಹೋಗುತ್ತೆ, ಒಂದು ಪೈಸೆ ಕೇಳಲ್ಲ."

ರೆನ್ಸ್ಕೆ ನಿಂತೇಬಿಟ್ಟಳು. ತಿಂಗಳುಗಟ್ಟಲೆ ಯಾರಿಗೂ ಹೇಳದೆ, ಟೇಪಿನ ಮೇಲೆ ಹೆಜ್ಜೆ ಇಡುತ್ತ ಈ ಹೆಂಗಸು ಮನಸ್ಸಿನಲ್ಲೇ ಇಲ್ಲಿಗೆ ನಡೆದು ಬರುತ್ತಿದ್ದಳಲ್ಲ! ತಾನು ಹೆದರಿ ನಿದ್ದೆಗೆಟ್ಟ ರಾತ್ರಿಗಳಲ್ಲೆಲ್ಲ ಅಮ್ಮ ದಾರಿಯನ್ನು ಯೋಚಿಸಿಟ್ಟಿದ್ದಳು. ಅಮ್ಮನ ಮೇಲಿನ ಹೆಮ್ಮೆ ಚಿಕ್ಕಂದಿನಲ್ಲಿ ಉಕ್ಕುತ್ತಿದ್ದಂತೆಯೇ ಈಗಲೂ ಉಕ್ಕಿ ಬಂತು. ಗೈಡು ಅಳಬಾರದೆಂದು ಅವಳು ಮುಂದೆ ತಿರುಗಿದಳು.

ಆಗ ಕೆನ್ನೆಗೆ ಗಾಳಿ ತಗುಲಿತು. ಹೊರಡುವಾಗ ಗಾಳಿ ಎಡಭುಜದ ಹಿಂದಿತ್ತು. ಈಗ ಮುಂದಿನಿಂದ, ವಾಯವ್ಯದ ಕಡೆಯಿಂದ ಬೀಸುತ್ತಿತ್ತು. ಕಡಲ ನೀರನ್ನು ಒಳಕ್ಕೆ ತಳ್ಳುವ ಈ ಗಾಳಿ ಸಂಜೆಗೆ ಬರುತ್ತದೆಂದು ಹವಾಮಾನದವರು ಹೇಳಿದ್ದರು.

ಮೂರನೆಯ ಕೊರಕಲು ಎಲ್ಲಕ್ಕಿಂತ ಆಳದ್ದು. ಅದನ್ನು ದಾಟಿದರೆ ಆಮೇಲೆ ದ್ವೀಪದವರೆಗೂ ಬರೀ ಮರಳು. ಮನೆಗಳ ಕೆಂಪು ಹೆಂಚು, ಅಲ್ಲಿನ ಏರಿಯ ಮೇಲಿನ ಕುರಿಗಳು, ಅವುಗಳ ನಡುವೆ ನೀಲಿ ಅಂಗಿಯ ಚುಕ್ಕೆಯಾಗಿ ಅಪ್ಪ, ಎಲ್ಲವೂ ಕಾಣುತ್ತಿದ್ದವು. ರೆನ್ಸ್ಕೆ ಒಬ್ಬಳೇ ನೀರಿಗಿಳಿದು, ಆಳ ನೋಡಲು ತಂದ ಉದ್ದನೆಯ ಗಳವನ್ನು ನಡುವೆ ಊರಿದಳು. ಗಳಕ್ಕೆ ಒಂದು ಕೆಂಪು ಪಟ್ಟಿ ಇತ್ತು. ನೀರು ಅದಕ್ಕಿಂತ ಮೇಲಿದ್ದರೆ ಗುಂಪನ್ನು ದಾಟಿಸುವಂತಿಲ್ಲ. ಇದು ಇಳಿತದ ಕೊನೆ, ನೀರು ಪಟ್ಟಿಗಿಂತ ಗೇಣುದ್ದ ಕೆಳಗಿರಬೇಕಾದ ಹೊತ್ತು. ನೀರು ಪಟ್ಟಿಯನ್ನು ಮುಟ್ಟಿತ್ತು. ಅವಳು ಕಾದಳು. ನೀರು ಇಳಿಯಲಿಲ್ಲ, ನೋಡುನೋಡುತ್ತ ಪಟ್ಟಿಯನ್ನು ನುಂಗಿತು.

ದಡಕ್ಕೆ ಬಂದಾಗ ಸೀಬ್ರೆನ್ ಬಂಡಿಯ ಹಗ್ಗ ಬಿಚ್ಚುತ್ತಿದ್ದ.

"ಸೊಂಟದ ತನಕ ಬರುತ್ತೆ ಅಷ್ಟೆ ತಾನೇ? ಅಮ್ಮನ್ನ ಬಂಡಿ ಮೇಲೆ ಕೂರ್ಸು. ನಾನು ಈ ಕಡೆ, ನೀನು ಆ ಕಡೆ, ತೇಲಿಸ್ಕೊಂಡು ಹೋಗೋಣ. ಹತ್ತು ನಿಮಿಷದ ಕೆಲ್ಸ ಕಣೇ."

"ನೀರು ಏರ್ತಾ ಇದೆ ಅಣ್ಣ."

"ಅದಕ್ಕೇ ಹೇಳ್ತಿರೋದು, ಬೇಗ ಅಂತ! ನೋಡು ಅಲ್ಲಿ, ಅಪ್ಪ ಕಾಣ್ತಿದ್ದಾರೆ. ಮುಂದಿನ ವರ್ಷ ಅನ್ನೋದು ಇಲ್ಲ ರೆನ್ಸ್ಕೆ. ನಿಂಗೂ ಗೊತ್ತು, ನಂಗೂ ಗೊತ್ತು."

ಗೊತ್ತಿತ್ತು. ಅಣ್ಣ ಗಟ್ಟಿಮುಟ್ಟಾದವನು. ಬಂಡಿ ತೇಲುತ್ತದೆ. ಬಹುಶಃ ದಾಟಿಬಿಡಬಹುದು. ಬಹುಶಃ. ಸೆಳೆತದ ನಡುವೆ ಬಂಡಿ ಮಗುಚಿದರೆ, ಕಾಲು ಕೈ ಮರಗಟ್ಟಿದ ಅಮ್ಮ ಆ ತಣ್ಣೀರಿನಲ್ಲಿ ಏನು ಮಾಡಿಯಾಳು? ಆದರೆ ಇಷ್ಟು ದೂರ, ಗೆರೆ ಗೆರೆ ದಾಟಿ ಬಂದವಳಿಗೆ ಹೆಂಚಿನ ಬಣ್ಣ ಕಾಣುವಷ್ಟು ಹತ್ತಿರ ನಿಂತು ಆಗುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು?

ಅವಳು ಅಮ್ಮನ ಮುಖ ನೋಡಿದಳು. ಒಂದು ಸನ್ನೆ ಸಾಕಿತ್ತು. ಹೋಗೋಣ ಎಂದೋ, ಬೇಡ ಎಂದೋ, ಹುಬ್ಬು ಹಾರಿಸಿದ್ದರೂ ಸಾಕಿತ್ತು. ಈ ಕೊರಕಲನ್ನು ಅಮ್ಮನಷ್ಟು ಬಲ್ಲವರು ಈ ಕರಾವಳಿಯಲ್ಲೇ ಇರಲಿಲ್ಲ. ಬೌಕ್ಯೆ ದೂರದ ದಿಬ್ಬದ ಮೇಲೆ ಬಿದ್ದುಕೊಂಡ ಸೀಲುಗಳ ಕಡೆ ಮುಖ ತಿರುಗಿಸಿದಳು. ಬೇಕೆಂದೇ ತಿರುಗಿಸಿದಳು. ಸೀಬ್ರೆನ್ "ಅಮ್ಮ, ನೀನಾದ್ರೂ ಹೇಳು" ಎಂದು ಅಂಗಲಾಚಿದರೂ ತುಟಿ ಪಿಟಕ್ಕೆನ್ನಲಿಲ್ಲ.

ರೆನ್ಸ್ಕೆ ಗಳವನ್ನು ಮರಳಿನಲ್ಲಿ ಊರಿದಳು.

"ವಾಪಸ್ ಹೋಗ್ತೀವಿ," ಎಂದಳು.

ಸೀಬ್ರೆನ್ ಏನೋ ಹೇಳಲು ಬಾಯಿ ತೆರೆದ.

"ಗೈಡು ಹೇಳಿದ್ಳಲ್ಲ," ಎಂದಳು ಬೌಕ್ಯೆ. "ಹಗ್ಗ ಕಟ್ಟು."

ಆದರೆ ತಿರುಗುವುದೇ ಅವಳ ಕಾಲಿಗೆ ಎಲ್ಲಕ್ಕಿಂತ ಕಷ್ಟ. ನಿಂತಲ್ಲೇ ಹೊರಳಲು ಹೋಗಿ ಪಾದಗಳು ಅಂಟಿಕೊಂಡವು. ಮೈ ಮುಂದಕ್ಕೆ ವಾಲಿತು, ಕಾಲು ಮಾತ್ರ ಕದಲಲಿಲ್ಲ. ನೀರು ಕೊರಕಲಿನ ಅಂಚು ಮೀರಿ ಮರಳಿನ ಗೆರೆಗಳನ್ನು ಒಂದೊಂದಾಗಿ ತುಂಬುತ್ತಿತ್ತು. ಸೀಬ್ರೆನ್ ಅವಳನ್ನು ಎತ್ತಿಕೊಳ್ಳಲು ಬಗ್ಗಿದ. ರೆನ್ಸ್ಕೆ ಅವನನ್ನು ತಡೆದಳು. ಗಳದ ತುದಿಯಿಂದ ಅಮ್ಮನ ಕಾಲ ಮುಂದೆ ಮರಳಿನಲ್ಲಿ ಒಂದು ಆಳವಾದ ಗೆರೆ ಎಳೆದಳು. ಒಂದು ಹೆಜ್ಜೆಯಾಚೆ, ಸ್ವಲ್ಪ ಓರೆಯಾಗಿ, ಇನ್ನೊಂದು. ಆಮೇಲೆ ಇನ್ನೊಂದು. ಎತ್ತಿನ ಗಾಡಿ ತಿರುಗಿಸುವಾಗ ಬಳಸುವಷ್ಟು ದೊಡ್ಡ ಸುತ್ತು ಹಾಕಿ ಗೆರೆ ಎಳೆಯುತ್ತ ಹೋದಳು. ಅವಳು ಈ ಸಲ ಹಿಂದೆ ನೋಡಲಿಲ್ಲ. ಕಿವಿ ಮಾತ್ರ ಹಿಂದಿತ್ತು.

ಚಪ್. ತುಂಬಾ ಹೊತ್ತಿನ ಮೇಲೆ ಇನ್ನೊಂದು ಚಪ್.

ದ್ವೀಪ ಬೆನ್ನಿಗೆ ಬಂತು. ಉಳಿದೆರಡು ಕೊರಕಲುಗಳನ್ನು ನೀರು ಏರುವ ಮುಂಚೆಯೇ ದಾಟಿದರು. ಏರಿಯ ಹತ್ತಿರದ ಕೆಸರಿಗೆ ಬಂದಾಗ ಬೌಕ್ಯೆಯ ಕಸುವು ಮುಗಿದಿತ್ತು. ಯಾರೂ ಹೇಳದೆಯೇ ಬಂಡಿಯ ಮೇಲೆ ಕೂತು, ಬಿಯರ್ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡಳು.

"ಎಳಿ," ಎಂದಳು ಮಗನಿಗೆ. "ಆಮೇಲೆ ಹೂಳ್ತೀನಿ ನಿನ್ನ."

ಸೀಬ್ರೆನ್‌ಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡ, ಕೆಸರು ಮುಖಕ್ಕೆಲ್ಲ ಮೆತ್ತಿತು. ರೆನ್ಸ್ಕೆಗೆ ಮಾತ್ರ ನಗು ಬರಲಿಲ್ಲ. ಅಮ್ಮ ಕೇಳಿದ್ದು ಒಂದೇ ಒಂದು, ಅದನ್ನೂ ನಾನೇ ಕಸಿದುಕೊಂಡೆ ಎಂಬ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಏರಿ ಹತ್ತಿದ ಮೇಲೆ ಅಪ್ಪನಿಗೆ ಫೋನು ಮಾಡಿದಳು.

"ಕಂಡೆ," ಎಂದ ಹೆರ್ರೆ. "ಮುಂದಿನ ಹಡಗಿಗೇ ಬರ್ತೀನಿ. ಕಾಫಿ ಇನ್ನೂ ಬಿಸಿ ಇದೆ."

ಏರಿಯ ಹುಲ್ಲಿನ ಮೇಲೆ ಮೂವರೂ ಕೂತರು. ಅವರು ನಡೆದ ಬಯಲು ಈಗ ಪೂರ್ತಿ ನೀರಾಗಿತ್ತು. ಮೂರನೆಯ ಕೊರಕಲು ಎಲ್ಲಿತ್ತೆಂದು ಹುಡುಕಲೂ ಆಗದಷ್ಟು ಬೂದುಬಣ್ಣದ ಅಲೆಗಳು ಎದ್ದಿದ್ದವು. ಸೀಬ್ರೆನ್ ಅದನ್ನು ಬಹಳ ಹೊತ್ತು ನೋಡಿದ.

"ನಾನು ಹೇಳಿದ ಹಾಗೆ ಕೇಳಿದ್ದಿದ್ರೆ ಈಗ ಅದ್ರಲ್ಲಿರ್ತಿದ್ವಿ," ಎಂದ.

"ಅಮ್ಮ, ತಪ್ಪು ತಿಳ್ಕೋಬೇಡ," ಎಂದಳು ರೆನ್ಸ್ಕೆ. "ನಿನ್ನನ್ನ ದಾಟಿಸ್ಬೇಕು ಅಂತ ನಂಗೆ ಎಷ್ಟು ಆಸೆ ಇತ್ತು ಅಂದ್ರೆ..."

"ನನ್ನನ್ನ ಎಬ್ಬಿಸಿ," ಎಂದಳು ಬೌಕ್ಯೆ.

ಇಬ್ಬರೂ ಹಿಡಿದು ಎಬ್ಬಿಸಿದರು. ಅವಳು ಮಕ್ಕಳ ಕೈ ಬಿಡಿಸಿಕೊಂಡು ನೆಟ್ಟಗೆ ನಿಂತಳು. ಕೆಸರಾದ ಅಂಗೈಯನ್ನು ಅಂಗಿಗೆ ಚೆನ್ನಾಗಿ ಒರೆಸಿ ಮಗಳ ಮುಂದೆ ಚಾಚಿದಳು. ನಡಿಗೆ ಮುಗಿದ ಮೇಲೆ ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರೇ ಬಂದು ಗೈಡಿನ ಕೈ ಕುಲುಕಿ ಹೋಗುವುದು ಇಲ್ಲಿನ ರೂಢಿ.

"ಅಮ್ಮ, ನಾವು ದಾಟ್ಲೇ ಇಲ್ಲ."

"ದಾಟಿಸಿದ ದಿನ ಎಲ್ರೂ ಕುಲುಕ್ತಾರೆ. ಫೋಟೋನೂ ತೆಗೆಸ್ಕೊಳ್ತಾರೆ. ವಾಪಸ್ ಕರ್ಕೊಂಡು ಬಂದ ದಿನ ಮುಖ ಊದಿಸ್ಕೊಂಡು ಸೀದಾ ಕಾರ್ ಹತ್ತಿ ಹೋಗ್ತಾರೆ. ಮೂವತ್ತು ವರ್ಷದಲ್ಲಿ ನಂಗೆ ಒಬ್ರೂ ಕೈ ಕೊಡ್ಲಿಲ್ಲ ಕಣೇ. ಒಂದೇ ಒಂದ್ಸಲಾನೂ ಇಲ್ಲ." ಅವಳ ಚಾಚಿದ ಕೈ ಹಿಂದೆ ಸರಿಯಲಿಲ್ಲ. "ಕೊಡು ಇಲ್ಲಿ."

ರೆನ್ಸ್ಕೆ ಕೈ ಕೊಟ್ಟಳು. ಕಾಯಿಲೆಯಿಂದ ಸದಾ ನಡುಗುವ ಆ ಕೈ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ಒಮ್ಮೆ, ಎರಡು ಸಲ, ಮೂರು ಸಲ ಕುಲುಕಿತು.

"ಧನ್ಯವಾದ, ಗೈಡ್," ಎಂದಳು ಬೌಕ್ಯೆ, ಪರಿಚಯವೇ ಇಲ್ಲದವರು ಹೇಳುವಷ್ಟು ಗೌರವದಿಂದ. ಆಮೇಲೆ ಪಕ್ಕಕ್ಕೆ ಸರಿದು ಮಗನಿಗೆ ಜಾಗ ಬಿಟ್ಟಳು. "ನೀನೂ ಬಾರೋ. ಸಾಲಲ್ಲಿ ನೀನೂ ಇದ್ದೆ."